ನಲವತ್ತಮೂರನೆಯ ಗೋಡೆ

ಬೆಳಗಿನ ಐದೂವರೆ. ರಾಜಗೋಪಾಲನಗರದ ಈ ಅಡ್ಡರಸ್ತೆಗೆ ಹಾಲಿನವನು ಕೂಡ ಇನ್ನೂ ಬಂದಿಲ್ಲ. ಫೋಟೊಗಳಿಗೆ ಕಟ್ಟು ಹಾಕುವ ಹತ್ತಡಿ ಅಗಲದ ಅಂಗಡಿಯೊಂದರ ಹಿಂಬದಿಯಲ್ಲಿ ಮಹಾನಂದಾ ನೀಲಿ ಡ್ರಮ್ಮಿನ ಮುಚ್ಚಳ ತೆಗೆಯುತ್ತಾರೆ. ನಾನು ಮೂಗು ಹಿಡಿದು ಮೂರು ಹೆಜ್ಜೆ ಹಿಂದಕ್ಕೆ ಸರಿಯುತ್ತೇನೆ. ಇಪ್ಪತ್ತಾರು ದಿನ ನೀರಿನಲ್ಲಿ ಕೊಳೆತ ಅರಳಿ ಎಲೆಯ ವಾಸನೆಯನ್ನು ವರ್ಣಿಸಲು ಹೋದರೆ ನಿಮ್ಮ ಭಾನುವಾರದ ತಿಂಡಿ ಕೆಡುತ್ತದೆ, ಬಿಟ್ಟುಬಿಡುತ್ತೇನೆ.

"ಅದಕ್ಕ ಇಷ್ಟು ನಸುಕಿನ್ಯಾಗ ಮಾಡೂದ್ರಿ. ಮಂದಿ ಎದ್ದ ಮ್ಯಾಲ ಮುಚ್ಚಳ ತಗದ್ರ ಇಡೀ ಓಣಿ ಬಂದು ಜಗಳಾ ತಗೀತೈತಿ" ಎಂದು ಅವರು ನಗುತ್ತಾರೆ.

ಒಂದು ಎಲೆಯನ್ನು ಅಂಗೈ ಮೇಲೆ ಜಾರಿಸಿಕೊಂಡು, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜುತ್ತಾರೆ. ಹಸಿರು ಲೋಳೆಯೆಲ್ಲ ನೀರಿನಲ್ಲಿ ಹರಿದುಹೋಗಿ ಕೊನೆಗೆ ಕೈಯಲ್ಲಿ ಉಳಿಯುವುದು ನರಗಳ ಜಾಲರಿ ಮಾತ್ರ. ಅದನ್ನು ಹಳೆಯ ಪೇಪರಿನ ನಡುವೆ ಇಟ್ಟು ಮೇಲೊಂದು ಗಾಜು ಹೇರುತ್ತಾರೆ. ಒಂದು ಎಲೆಗೆ ಐದು ನಿಮಿಷ. ಬೆಳಗಿಗೆ ಇಪ್ಪತ್ತು ಎಲೆ ಉಜ್ಜಿದರೆ ಅರ್ಧದಷ್ಟು ಹರಿಯುತ್ತವೆ. ಒಂದು ದೊಡ್ಡ ಕಟ್ಟಿಗೆ ಅರವತ್ತು ಎಲೆ ಬೇಕು. ಕಪ್ಪು ಮಖಮಲ್ಲಿನ ಮೇಲೆ ಅವನ್ನು ಕೊಂಬೆ ಕೊಂಬೆಯಾಗಿ ಅಂಟಿಸಿ, ಅಂಚು ಕಟ್ಟಿ, ಗಾಜು ಹಾಕಿದರೆ ನೋಡಿದವರು ಒಂದು ಕ್ಷಣ ನಿಂತು ನೋಡುತ್ತಾರೆ.

ಇವತ್ತು ಉಜ್ಜುತ್ತಿರುವ ಎಲೆಗಳು ಮುಂದಿನ ಕೆಲಸಕ್ಕೆ. ಮೂರಡಿ ಅಗಲ, ಎರಡಡಿ ಎತ್ತರದ ಕಟ್ಟೊಂದು ಈಗಾಗಲೇ ಸಿದ್ಧವಾಗಿ ಅಂಗಡಿಯ ಗೋಡೆಗೆ ಒರಗಿದೆ. ಅದು ಎಲ್ಲಿಗೆ ಹೋಗಬೇಕು, ಅದರ ಬದಲು ಏನು ವಾಪಸ್ ಬರಬೇಕು ಎನ್ನುವುದೇ ಈ ಬರಹದ ವಿಷಯ. ಮಹಾನಂದಾ ತಮ್ಮ ಕೈಯಾರೆ ನಲವತ್ತಮೂರು ಗೋಡೆಗಳ ಮೇಲೆ ಒಂದು ತಪ್ಪನ್ನು ತೂಗುಹಾಕಿದ್ದಾರೆ. ಮೂರು ವರ್ಷಗಳಿಂದ ಒಂದೊಂದಾಗಿ ಇಳಿಸುತ್ತ ಬಂದಿದ್ದಾರೆ. ನಲವತ್ತೆರಡು ಇಳಿದಿವೆ. ಉಳಿದದ್ದು ಒಂದೇ, ಮತ್ತು ಅದಕ್ಕೆ ಇರುವ ಸಮಯ ಎರಡೇ ದಿನ. ನಾಡಿದ್ದು ಆಯುಧಪೂಜೆ.

ತಪ್ಪು ಏನೆಂದರೆ ಇಂದ್ರಜಾಲ. ನೀವೂ ನೋಡಿರಬಹುದು: ಬೀಸಣಿಗೆಯ ಆಕಾರದ, ಕಪ್ಪಗಿನ, ತೆಳ್ಳಗಿನ ಕವಲುಗಳ ಒಂದು ವಸ್ತು. ಗಾಜಿನ ಕಟ್ಟಿನೊಳಗೆ ಕುಂಕುಮದ ಬೊಟ್ಟು ಇಡಿಸಿಕೊಂಡು ಬಾಗಿಲಿಗೆ ಎದುರಾಗಿ ಕೂತಿರುತ್ತದೆ. ಕೆಟ್ಟ ದೃಷ್ಟಿಯನ್ನು ತಡೆಯುವ ಸಮುದ್ರದ ಬೇರು ಎಂದು ಮಾರುತ್ತಿದ್ದರು, ಹಾಗೆಂದೇ ಕೊಳ್ಳುತ್ತಿದ್ದರು. ನನ್ನ ಸೋದರಮಾವನ ಮನೆಯಲ್ಲೂ ಒಂದಿತ್ತು. ಅದಿದ್ದರೂ ಮಾವನ ಸ್ಕೂಟರ್ ಎರಡು ಸಲ ಕಳುವಾಯಿತು, ಆ ಮಾತು ಬೇರೆ.

ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯ ಮಹಾನಂದಾಗೆ ಈಗ ನಲವತ್ತಾರು. ಗಂಡ ಬಸಲಿಂಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮಶೀನಿನ ಕೆಲಸಕ್ಕೆ ಸೇರಿದಾಗ ಇಬ್ಬರೂ ಒಂದು ಟ್ರಂಕು, ಒಂದು ಸ್ಟೌ ಹಿಡಿದುಕೊಂಡು ಬಂದರು. ಒಂದೇ ಕೋಣೆಯ ಬಾಡಿಗೆ ಮನೆ. ಬದಿಯಲ್ಲೇ ನಲ್ಲಪ್ಪ ಎಂಬ ಮುದುಕರ ಕಟ್ಟಿನ ಅಂಗಡಿ. ಗುಡಿಸಿ ಒರೆಸುವ ಕೆಲಸಕ್ಕೆ ಹೋದ ಈಕೆ ಆರು ತಿಂಗಳಲ್ಲಿ ಗಾಜು ಕತ್ತರಿಸುವುದನ್ನು ಕಲಿತರು. ಮೊದಲ ವರ್ಷ ಕೈಯ ಹತ್ತು ಬೆರಳಿಗೂ ಹೊಲಿಗೆ ಬಿತ್ತು. "ಹನ್ನೊಂದನೇದು ಇದ್ದಿದ್ರ ಅದಕ್ಕೂ ಬೀಳ್ತಿತ್ರಿ, ನಮ್ಮಾಕಿ ಅಷ್ಟು ಹಟದಾಕಿ" ಎನ್ನುತ್ತಾರೆ ಬಸಲಿಂಗ, ಪಾಳಿಗೆ ಹೊರಡುವ ಮುನ್ನ ಚಹಾ ಕುಡಿಯುತ್ತ. ನಲ್ಲಪ್ಪನವರ ಕಣ್ಣು ಮಂಜಾದಾಗ ಅಂಗಡಿ ಈಕೆಯ ಕೈಗೆ ಬಂತು. ಬೋರ್ಡಿನ ಮೇಲೆ ಇವತ್ತಿಗೂ ಗುರುವಿನ ಹೆಸರೇ ಇದೆ.

ಈ ಅಂಗಡಿಯ ಪದ್ಧತಿಯೊಂದಿದೆ. ಕಟ್ಟು ಹಾಕಿ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಗಿರಾಕಿಯ ಮನೆಗೋ ಶೆಡ್ಡಿಗೋ ತಾನೇ ಹೋಗಿ, ಗೋಡೆ ಒರೆಸಿ, ಮಟ್ಟ ನೋಡಿ, ಮೊಳೆ ಹೊಡೆದು, ತೂಗುಹಾಕಿ ಬರಬೇಕು. ಹಾಗಾಗಿ ಮಹಾನಂದಾಗೆ ಒಂದು ವಿಚಿತ್ರ ನೆನಪಿನ ಶಕ್ತಿ ಬಂದಿದೆ.

"ನಾ ಮಂದೀನ ಮರೀತೀನ್ರಿ, ಗ್ವಾಡಿ ಮರಿಯಂಗಿಲ್ಲ. ನಿಮ್ಮನ್ನ ಮುಂದಿನ ವಾರ ನೋಡಿದ್ರ ಗುರ್ತು ಹತ್ತೂದಿಲ್ಲ. ಆದ್ರ ನಿಮ್ಮ ಮನ್ಯಾಗ ಒಂದು ಮೊಳಿ ಹೊಡದೆ ಅಂದ್ರ, ಎಲ್ಲಿ ಇಟ್ಟಂಗಿ ಐತಿ, ಎಲ್ಲಿ ಪೊಳ್ಳು ಐತಿ, ಸಾಯೂತನಕ ನೆನಪಿರ್ತೈತಿ."

ಇಂದ್ರಜಾಲದ ಕಸುಬು ನಲ್ಲಪ್ಪನವರ ಕಾಲದಿಂದಲೇ ನಡೆದು ಬಂದದ್ದು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮುಂಚೆ ಒಬ್ಬ ವ್ಯಾಪಾರಿ ಪೇಪರಿನಲ್ಲಿ ಸುತ್ತಿಕೊಂಡು ತರುತ್ತಿದ್ದ. ಪೀಣ್ಯದ ಸಣ್ಣ ಶೆಡ್ಡುಗಳವರು ಮಶೀನುಗಳಿಗೆ ಪೂಜೆ ಮಾಡುವ ದಿನ ಎದುರು ಗೋಡೆಗೆ ಇದು ಇರಲಿ ಎಂದು ಹಾಕಿಸುತ್ತಿದ್ದರು. ಮಹಾನಂದಾ ಭಕ್ತಿಯಿಂದಲೇ ಕಟ್ಟು ಹಾಕುತ್ತಿದ್ದರು. ಮುಟ್ಟುವ ಮೊದಲು ಕೈಕಾಲು ತೊಳೆದುಕೊಳ್ಳುತ್ತಿದ್ದರಂತೆ.

ಮೂರು ವರ್ಷದ ಹಿಂದೆ, ಎರಡು ಸಾವಿರದ ಹದಿಮೂರರಲ್ಲಿ, ಕಲಬುರಗಿ ಕಡೆಯ ಯುವಕನೊಬ್ಬ ಮದುವೆಯ ಫೋಟೊ ಹಿಡಿದು ಅಂಗಡಿಗೆ ಬಂದ. ಹೆಸರು ಸಿದ್ರಾಮ. ಫೋಟೊ ಕೊಡುವುದು ಬಿಟ್ಟು ಗೋಡೆಯ ಮೇಲಿನ ಇಂದ್ರಜಾಲವನ್ನೇ ನೋಡುತ್ತ ನಿಂತ. ಮಹಾನಂದಾ ವ್ಯಾಪಾರ ಕುದುರಿತು ಅಂದುಕೊಂಡರು.

"ನಿಮಗೂ ಒಂದು ಬೇಕೇನ್ರಿ ಅಂದೆ. ಹೊಸಾ ಮದುವಿ, ದೃಷ್ಟಿ ಆಗಬಾರದು, ಭಾಳ ಚಲೋ ಅಂತ ಹೊಗಳಿದೆ. ಆ ಮನುಷ್ಯ ಪಾಪ, ಅಕ್ಕಾ, ನಾ ಅರಣ್ಯ ಇಲಾಖ್ಯಾಗ ಗಾರ್ಡ್ ಅದೀನಿ ಅಂದ." ಇದನ್ನು ಹೇಳುವಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಅವತ್ತು ನಗು ಬಂದಿರಲಿಲ್ಲ.

ಸಿದ್ರಾಮ ಸ್ಟೂಲಿನ ಮೇಲೆ ಕೂತು ವಿವರಿಸಿದ. ಇದು ಬೇರಲ್ಲ, ಗಿಡವೂ ಅಲ್ಲ. ಹವಳದ ಬಳಗಕ್ಕೆ ಸೇರಿದ ಕಡಲ ಪ್ರಾಣಿ. ಸಾವಿರಾರು ಪುಟ್ಟ ಜೀವಗಳು ಒಟ್ಟಿಗೆ ಕೂತು ಕಟ್ಟಿಕೊಂಡ ಮೈ. ಅವೆಲ್ಲ ಸತ್ತ ಮೇಲೆ ಉಳಿಯುವ ಅಸ್ಥಿಪಂಜರ ಗಾಜಿನೊಳಗೆ ಬರುತ್ತದೆ. ಎರಡು ಸಾವಿರದ ಒಂದರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ. ಹುಲಿ, ಡಾಲ್ಫಿನ್, ಕಡಲಹಸು ಇರುವ ಪಟ್ಟಿ ಅದು. ಮಾರಿದರೂ ಇಟ್ಟುಕೊಂಡರೂ ಮೂರರಿಂದ ಏಳು ವರ್ಷ ಜೈಲು. ಇಷ್ಟೆಲ್ಲ ಹೇಳಿ, ಎರಡಡಿ ಅಗಲಕ್ಕೆ ಬೆಳೆಯಲು ಇದಕ್ಕೆ ಮೂವತ್ತು ನಲವತ್ತು ವರ್ಷ ಹಿಡಿಯಬಹುದು ಎಂದೂ ಸೇರಿಸಿದ.

"ಜೈಲು ಅಂದಾಗ ಅಂಜಿಕಿ ಬಂತ್ರಿ. ಆದ್ರ ನಲವತ್ತು ವರ್ಷ ಅಂದಾಗ ಅಳು ಬಂತು. ನನ್ನ ವಾರಿಗೀದು ಅದು. ನಾ ಅದಕ್ಕ ಮೊಳಿ ಹೊಡದು ತೂಗಹಾಕೀನಿ."

ಮರುದಿನ ಅಂಗಡಿಯಲ್ಲಿದ್ದ ಮೂರನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಸಿದ್ರಾಮನ ಜೊತೆ ಅರಣ್ಯ ಕಚೇರಿಗೆ ಹೋದರು. ಅಧಿಕಾರಿ ಹೇಳಿಕೆ ಬರೆಸಿಕೊಂಡು, ಚೆನ್ನಾಗಿ ಬೈದು, ಇನ್ನು ಮುಟ್ಟುವುದಿಲ್ಲ ಎಂದು ಸಹಿ ಹಾಕಿಸಿಕೊಂಡರು. ಮಾರಿದ್ದು ಎಲ್ಲೆಲ್ಲಿದೆ ಎಂದು ಕೇಳಿದರು. ಮಹಾನಂದಾ ಶುರು ಮಾಡಿದರು: ಪೀಣ್ಯ ಎರಡನೇ ಹಂತ, ಶಟರಿನ ಒಳಗೆ ಬಲಗಡೆ, ಗಿಲಾವು ಇಲ್ಲದ ಇಟ್ಟಿಗೆ ಗೋಡೆ. ಬೊಮ್ಮನಹಳ್ಳಿ ಗಾರ್ಮೆಂಟ್ಸಿನ ಪಕ್ಕದ ಮಹಡಿ, ಮೆಟ್ಟಿಲು ತಿರುಗುವಲ್ಲಿ, ಸಿಮೆಂಟ್ ಇಟ್ಟಿಗೆ, ಎರಡು ಸಲ ಡ್ರಿಲ್ ಮಾಡಬೇಕಾಯಿತು. ಹೀಗೆ ನಲವತ್ತಮೂರು. ಗಿರಾಕಿಗಳ ಹೆಸರು ಎಂಟೋ ಒಂಬತ್ತೋ ಮಾತ್ರ ನೆನಪಿತ್ತು. ಅಧಿಕಾರಿಗೆ ನಗು ತಡೆಯಲಾಗಲಿಲ್ಲವಂತೆ.

"ನಾವು ಹೋದರೆ ಕೇಸು. ನೀವು ಹೋಗಿ ತಿಳಿಸಿ ಹೇಳಿ ಅವರೇ ಒಪ್ಪಿಸುವ ಹಾಗೆ ಮಾಡಿದರೆ ಹೇಳಿಕೆ ತಗೊಂಡು ಬಿಡೋಣ. ಸಾಮಾನು ಮಾತ್ರ ನೀವು ಹೊರಬೇಡಿ, ಸಿದ್ರಾಮ ಬಂದು ತರುತ್ತಾನೆ" ಎಂದರು. ಅಲ್ಲಿಂದ ಶುರುವಾಯಿತು ಈಕೆಯ ಭಾನುವಾರಗಳ ತಿರುಗಾಟ.

ಮೊದಲ ನಾಲ್ಕು ಕಡೆ ಸೋತರು. ಕಾಯ್ದೆ, ಪಟ್ಟಿ ಎಂದದ್ದಕ್ಕೆ ಮುಖದ ಮೇಲೆ ಬಾಗಿಲು ಹಾಕಿದರು. ಐದನೆಯ ಮನೆಯಲ್ಲಿ ಸಿಟ್ಟಿಗೆ ಬಾಯಿಂದ ಬೇರೆಯೇ ಮಾತು ಬಂತು: "ಯವ್ವಾ, ದೇವರ ಮನ್ಯಾಗ ಎಲುಬು ಇಟ್ಕೊಂಡು ಪೂಜಿ ಮಾಡ್ತೀರಲ್ಲ!" ಆ ಮನೆಯ ಅಜ್ಜಿ ಅರಿಶಿನದ ತಟ್ಟೆ ಅಲ್ಲೇ ಬಿಟ್ಟು ಹೊರಗೆ ಓಡಿದರು. ಹತ್ತು ನಿಮಿಷದಲ್ಲಿ ಇಂದ್ರಜಾಲ ಅಂಗಳದಲ್ಲಿತ್ತು, ಮನೆಯವರು ಗಂಜಲ ಹುಡುಕುತ್ತಿದ್ದರು.

"ಕಾನೂನಿಗೆ ಯಾರೂ ಅಂಜಂಗಿಲ್ರಿ. ಎಲುಬಿಗೆ ಅಂಜ್ತಾರ" ಎಂದು ಅವರು ಗುಟ್ಟು ಬಿಟ್ಟುಕೊಡುತ್ತಾರೆ.

ಇನ್ನೊಂದು ತೊಡಕಿತ್ತು. ವರ್ಷಗಟ್ಟಲೆ ಕಟ್ಟು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿರುತ್ತದೆ. ಖಾಲಿ ಮೊಳೆ, ಕೆಳಗೊಂದು ಚೌಕ ಕಲೆ. ಅದನ್ನು ನೋಡನೋಡುತ್ತ ಏನೋ ಕಳೆದುಕೊಂಡೆ ಅನಿಸಿ, ವಾರದೊಳಗೆ ಆನ್‌ಲೈನಿನಲ್ಲಿ ಮತ್ತೊಂದು ತರಿಸಿದವರೂ ಉಂಟು. ಆಗ ನೆನಪಾದದ್ದು ನಲ್ಲಪ್ಪ ಬಿಡುವಿನಲ್ಲಿ ಮಾಡುತ್ತಿದ್ದ ಅರಳಿ ಎಲೆಯ ಜಾಲರಿ. ಉದುರಿದ ಎಲೆಗೆ ಯಾವ ಕಾಯ್ದೆಯೂ ಇಲ್ಲ. ಇಂದ್ರಜಾಲ ಇಳಿಸುವ ದಿನವೇ ಅದೇ ಅಳತೆಯ ಎಲೆಯ ಕಟ್ಟನ್ನು ಅದೇ ಮೊಳೆಗೆ ಹಾಕಿಬಿಡುವುದು ಅಂದಿನಿಂದ ಈಕೆಯ ನಿಯಮ.

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಸ್ವಾಗತ ಮೇಜಿನ ಹಿಂದೆಯೂ ಒಂದಿತ್ತು. ಮೂರು ಬಸ್ಸು ಬದಲಿಸಿ ಹೋದರೆ ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಬಂದ ಉದ್ದೇಶ ಏನು ಎಂಬ ಜಾಗದಲ್ಲಿ ಏನು ಬರೆಯುವುದೆಂದು ಸೆಕ್ಯೂರಿಟಿಯವನಿಗೇ ತಿಳಿಯಲಿಲ್ಲ. ನಾಲ್ಕನೆಯ ಸಲ ಹೋದಾಗ ಆಡಳಿತ ವಿಭಾಗದ ಶೋಭಾರಾಣಿ ಹೊರಗೆ ಬಂದರು. ನಾನು ಫೋನಿನಲ್ಲಿ ಅವರನ್ನು ಸಂಪರ್ಕಿಸಿ ಕೇಳಿದಾಗ, "ಅಯ್ಯೋ ಸಾರ್, ನಮ್ಮಲ್ಲಿ ಪರಿಸರ ದಿನಾಚರಣೆ ಅದರ ಕೆಳಗೇ ಮಾಡ್ತಿದ್ವಿ, ಗ್ರೂಪ್ ಫೋಟೊದಲ್ಲೆಲ್ಲ ಅದೇ ಇದೆ" ಎಂದು ನಕ್ಕರು. ಈಗ ಅಲ್ಲಿ ಎಲೆಯ ಕಟ್ಟಿದೆ.

ಹೀಗೆ ನಲವತ್ತೆರಡು. ಉಳಿದ ಒಂದು ಇರುವುದು ಅಂಗಡಿಯ ಕಟ್ಟಡದ ಮಾಲೀಕರೂ ಮೊದಲು ಇವರಿಗೆ ಬಾಡಿಗೆ ಮನೆ ಕೊಟ್ಟವರೂ ಆದ ನಂಜಪ್ಪನವರ ಮನೆಯಲ್ಲಿ. ಇದೇ ಊರಿನ ಹಳೆಯ ಒಕ್ಕಲು, ವಯಸ್ಸು ಎಪ್ಪತ್ತೆರಡು. ಹನ್ನೊಂದು ವರ್ಷದ ಹಿಂದೆ ಹೊಸ ಮನೆಯ ಗೃಹಪ್ರವೇಶಕ್ಕೆ ಮಹಾನಂದಾ ಅತಿ ದೊಡ್ಡ ಇಂದ್ರಜಾಲವನ್ನು ಕಟ್ಟು ಹಾಕಿ ಕಾಣಿಕೆಯಾಗಿ ಕೊಟ್ಟಿದ್ದರು. ಉಳಿದವನ್ನೆಲ್ಲ ಮಾರಿದ್ದು, ಇದೊಂದನ್ನು ಪ್ರೀತಿಯಿಂದ ಕೊಟ್ಟದ್ದು. ಮೂರು ವರ್ಷದಲ್ಲಿ ಆರು ಸಲ ಕೇಳಿದ್ದಾರೆ. ಎಲುಬಿನ ಅಸ್ತ್ರ ಇಲ್ಲಿ ನಡೆಯಲಿಲ್ಲ, ಏಕೆಂದರೆ ಅದಿರುವುದು ದೇವರ ಮನೆಯಲ್ಲಲ್ಲ, ಹೊರಗಿನ ಪಡಸಾಲೆಯಲ್ಲಿ. ಇದು ಬಂದ ಮೇಲೆ ಮನೆಗೆ ಒಳ್ಳೆಯದಾಗಿದೆ ಎನ್ನುವುದು ಯಜಮಾನರ ಒಂದೇ ಮಾತು. ಆರನೆಯ ಸಲವಂತೂ, ಕೊಟ್ಟ ಕಾಣಿಕೆ ವಾಪಸ್ ಕೇಳುವವರು ನನ್ನ ಅಂಗಡಿಯಲ್ಲಿ ಇರುವುದು ಬೇಡ ಎಂದು ರೇಗಿದ್ದಾರೆ. ಅತ್ತ ಇಲಾಖೆಯೂ ಕೊನೆಯ ಮಾತು ಹೇಳಿದೆ: ಆಯುಧಪೂಜೆ ಮುಗಿದರೆ ನಾವೇ ಹೋಗುತ್ತೇವೆ.

"ಅಂಗಡಿ ಹೋದ್ರ ಇನ್ನೊಂದು ನೋಡ್ಕೋತೀನ್ರಿ. ಆದ್ರ ನಾ ಕೊಟ್ಟ ಕಾಣಿಕೀಗೆ ಆ ಮುದುಕಪ್ಪ ಕೋರ್ಟು ಕಚೇರಿ ಅಲೀಬೇಕೇನ್ರಿ? ನಮಗ ಈ ಊರಾಗ ಮೊದಲು ನೆಳ್ಳು ಕೊಟ್ಟಾವರು ಅವರು." ನಗುಮುಖದ ಈ ಹೆಂಗಸು ಇಲ್ಲಿ ಮಾತ್ರ ನಗುವುದಿಲ್ಲ. ನಾನು ನೋಟ್‌ಬುಕ್ ಮುಚ್ಚುತ್ತೇನೆ.

ಹತ್ತು ಗಂಟೆಗೆ ಹೊರಡುತ್ತೇವೆ. ಮೂರಡಿಯ ಎಲೆಯ ಕಟ್ಟನ್ನು ಮಹಾನಂದಾ ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದಿದ್ದೇವೆ. ಸಿದ್ರಾಮ ಗೋಣಿಚೀಲ ಮತ್ತು ಹೇಳಿಕೆಯ ಕಾಗದ ಹಿಡಿದು ಗೇಟಿನ ಹೊರಗೇ ನಿಲ್ಲುತ್ತಾನೆ. ಖಾಕಿ ಕಂಡರೆ ಯಜಮಾನರು ಸಿಡಿಯುತ್ತಾರೆಂದು ಶರ್ಟು ಬದಲಿಸಿ ಬಂದಿದ್ದಾನೆ.

ಗುಲಾಬಿ ಬಣ್ಣದ ಮನೆ. ಪಡಸಾಲೆಯ ಗೋಡೆಯ ನಡುವೆ ಇಂದ್ರಜಾಲ, ಅದರ ಕೆಳಗೆ ಕುರ್ಚಿಯಲ್ಲಿ ನಂಜಪ್ಪ. ಮಹಾನಂದಾರನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ. ನಾನು ಪೇಪರಿನವನು ಎಂದು ತಿಳಿದ ಕೂಡಲೇ ಹುಬ್ಬು ಸಡಿಲವಾಗುತ್ತದೆ. ಹೆಂಡತಿ ಚಿಕ್ಕಮುನಿಯಮ್ಮ ಮಜ್ಜಿಗೆ ತಂದು ಕೊಡುತ್ತಾರೆ. ಯಜಮಾನರು ಇದುವರೆಗೆ ಮನೆಯ ಹೊರಗೆ ಯಾರಿಗೂ ಪೂರ್ತಿ ಹೇಳದ ಕತೆಯನ್ನು ನನಗಾಗಿ ಬಿಚ್ಚುತ್ತಾರೆ.

"ಬರ್ಕೊಳಿ ಸಾಮಿ. ಈ ಮನೆಗೆ ಎಲ್ಡು ಬೋರು ಪೇಲಾಗಿದ್ವು. ಬರೀ ಧೂಳು. ಆಮ್ಯಾಕೆ ಈ ಯಮ್ಮ ಇದನ್ನ ತಂದು ನೇತಾಕಿದ್ಲು. ನೇತಾಕಿದ ಎಂಟನೇ ದಿನಕ್ಕೆ, ಅಗೋ ಅಲ್ಲಿ, ಒಂಬೈನೂರು ಅಡೀಗೆ ನೀರು ಚಿಮ್ತು! ಇವತ್ತಿಗೂ ನಿಂತಿಲ್ಲ. ಇಂಗಿರುವಾಗ ಎಂಗೆ ಕೊಡಾನ ಯೋಳಿ?"

ಅವರು ತೋರಿಸಿದ ಬೋರು ಪಡಸಾಲೆಯಿಂದ ಹತ್ತೇ ಅಡಿ ದೂರದಲ್ಲಿದೆ. ಮಹಾನಂದಾ ಬೋರನ್ನು ನೋಡುತ್ತಾರೆ, ಗೋಡೆಯನ್ನು ನೋಡುತ್ತಾರೆ. ಮುಖದಲ್ಲಿ ನಿಧಾನಕ್ಕೆ ನಗು ಹರಡುತ್ತದೆ.

"ಯಜಮಾನ್ರ, ನಾ ಮೊಳಿ ಹೊಡ್ಯಾಕ ಬಂದಾಗ ಈ ಗ್ವಾಡೀಗೆ ಬೋರಿನ ರಾಡಿ ಸಿಡಿದಿತ್ತಲ್ರಿ. ಬೂದಿ ಬಣ್ಣದ ಕಲ್ಲಿನ ರಾಡಿ. ನಾನ ಒರಸೀನಿ."

"ಆ ಎಲ್ಡು ಪೇಲಾದ ಬೋರಿಂದು ಇರ್ಬೇಕು."

"ಅವು ಬರೀ ಧೂಳು ಅಂದ್ರಲ್ಲ? ಧೂಳು ಸಿಡಿದು ಅಂಟ್ಕೊಳ್ಳಂಗಿಲ್ರಿ. ನೀರು ಬಂದ್ರಷ್ಟ ರಾಡಿ."

"ಎಲ್ಲೈತಮ್ಮಿ ರಾಡಿ? ಮೂರು ಸಲ ಬಣ್ಣ ಒಡ್ಸಿದೀನಿ ಈ ಮನೆಗೆ!"

ಮಹಾನಂದಾ ಈಗ ಸ್ವಲ್ಪ ನಾಚಿಕೊಳ್ಳುತ್ತಾರೆ. ಕಸುಬಿನ ಒಂದು ಕಳ್ಳತನವನ್ನು ಒಪ್ಪಿಕೊಳ್ಳಬೇಕಾಗಿದೆ. "ಮೊಳಿ ಹೊಡಿಯೂ ಜಾಗಾ ಅಷ್ಟ ಒರಸಿದ್ದೆ. ಕೆಳಗಿಂದು ಹ್ಯಾಂಗೂ ಕಟ್ಟಿನ ಹಿಂದ ಮುಚ್ಚಿ ಹೋಗ್ತೈತಿ ಅಂತ ಬಿಟ್ಟಿದ್ದೆ. ಬಣ್ಣ ಹೊಡ್ಯಾವರಿಗೆ ಇದನ್ನ ಮುಟ್ಟಾಕ ನೀವು ಬಿಟ್ಟಿರೇನು?"

ಬಿಟ್ಟಿರಲಿಲ್ಲ. ಅದು ಊರಿಗೇ ಗೊತ್ತಿರುವ ಸಂಗತಿ. ಮೂರು ಸಲವೂ ಪೇಂಟರುಗಳು ಇಂದ್ರಜಾಲದ ಸುತ್ತ ಬಣ್ಣ ಬಳಿದು ಹೋಗಿದ್ದರು. ನಂಜಪ್ಪ ಎದ್ದು ನಿಲ್ಲುತ್ತಾರೆ. "ತೆಗೆದೇ ತೋರುಸ್ತೀನಿ, ನೀನೇ ಸುಳ್ಳಿ ಅಂತ ಪೇಪರ್‌ನಾಗೆ ಬರೀಲಿ" ಎನ್ನುತ್ತ ಎರಡು ಕೈಯಿಂದ ಕಟ್ಟನ್ನು ಎತ್ತಿ ಇಳಿಸುತ್ತಾರೆ.

ಹಿಂದಿನಿಂದ ಒಂದು ಹಲ್ಲಿ ಓಡಿಹೋಗುತ್ತದೆ. ಗುಲಾಬಿ ಗೋಡೆಯ ನಡುವೆ ಮೂರಡಿ ಅಗಲದ ಹಳೆಯ ಬಿಳಿ ಸುಣ್ಣ. ಅದರ ತುಂಬ ಬೂದು ಬಣ್ಣದ ಸಿಡಿತಗಳು, ಬೋರಿನ ಕಡೆಯಿಂದ ಓರೆಯಾಗಿ ಬಿದ್ದವು. ಮೇಲೆ ಮೊಳೆಯ ಸುತ್ತ ಮಾತ್ರ ಒಂದು ಅಂಗೈಯಗಲ ಜಾಗ ಸ್ವಚ್ಛವಾಗಿ ಒರೆಸಿದೆ. ನಾನು ಮಜ್ಜಿಗೆಯ ಲೋಟ ಕೆಳಗಿಡುವುದನ್ನೂ ಮರೆತು ನೋಡುತ್ತೇನೆ.

ಮೊದಲು ನಗುವುದು ಚಿಕ್ಕಮುನಿಯಮ್ಮ.

"ಗೃಹಪ್ರವೇಶದ ದಿನ ಐನೂರು ಜನಕ್ಕೆ ಯಾವ ನೀರಾಗೆ ಅಡುಗೆ ಮಾಡಿಸ್ದೆ ಅಂತ ಒಂದಿನಾನಾದ್ರೂ ಕೇಳಿದ್ಯಾ? ಅದೇ ಬೋರಿನ ನೀರು. ಈ ಯಮ್ಮ ಇದನ್ನ ತಂದಿದ್ದು ಊಟದ ಒತ್ಗೆ! ಅನ್ನೊಂದು ವರ್ಸದಿಂದ ಎಂಟನೇ ದಿನ, ಎಂಟನೇ ದಿನ ಅಂತ ನನ್ನ ತಾವ ಕೊಯ್ತಾನೇ ಇದೀಯ. ಮುದುಕನ ಸಂತೋಸ ಯಾಕೆ ಕೆಡಿಸಾದು ಅಂತ ಸುಮ್ಕಿದ್ದೆ."

ನಂಜಪ್ಪ ಕಟ್ಟನ್ನು ಹಿಡಿದೇ ನಿಂತಿದ್ದಾರೆ. ಗಾಜಿನೊಳಗಿನ ಕಪ್ಪು ಕವಲುಗಳನ್ನು ಮೊದಲ ಸಲ ನೋಡುವವರಂತೆ ನೋಡುತ್ತಾರೆ.

"ಅಂಗಾರೆ ನೀರು ಬಂದಿದ್ದು ಯಾರಿಂದ?"

"ಬೋರಿನೋರಿಂದ" ಎನ್ನುತ್ತಾರೆ ಹೆಂಡತಿ.

ಗೇಟಿನ ಹೊರಗಿದ್ದ ಸಿದ್ರಾಮನನ್ನು ಯಜಮಾನರೇ ಕರೆಯುತ್ತಾರೆ. ಶರ್ಟು ಬದಲಿಸಿದ್ದು ವ್ಯರ್ಥ, ಅವರಿಗೆ ಗುರುತು ಮೊದಲೇ ಸಿಕ್ಕಿದೆ. "ಬಾರಪ್ಪ ಪಾರೆಸ್ಟು, ಬಿಸಿಲಾಗೆ ಯಾಕೆ ನಿಂತೀಯ" ಎನ್ನುತ್ತಾರೆ. ಕನ್ನಡಕ ಹುಡುಕಿ, ಕಾಗದವನ್ನು ಎರಡು ಸಲ ಓದಿ, ಸಹಿ ಹಾಕುತ್ತಾರೆ. ನಲವತ್ತಮೂರನೆಯ ಇಂದ್ರಜಾಲ ಗೋಣಿಚೀಲದೊಳಗೆ ಹೋಗುತ್ತದೆ. ಮಹಾನಂದಾ ಅದನ್ನು ಒಮ್ಮೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಮತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಈ ಸಲ ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ನಂತರ ಒದ್ದೆ ಬಟ್ಟೆ ಕೇಳಿ ಪಡೆದು, ಹನ್ನೊಂದು ವರ್ಷದ ಹಿಂದೆ ಬಿಟ್ಟಿದ್ದ ಜಾಗವನ್ನೆಲ್ಲ ಉಜ್ಜಿ ಒರೆಸುತ್ತಾರೆ. ಒಂದು ಮೂಲೆಯ ಸಿಡಿತವನ್ನು ಮಾತ್ರ ಚಿಕ್ಕಮುನಿಯಮ್ಮ ಒರೆಸಗೊಡುವುದಿಲ್ಲ. ಮುಂದೆ ಎಂಟನೇ ದಿನದ ಕತೆ ಶುರುವಾದರೆ ತೋರಿಸಲು ಬೇಕಂತೆ.

"ಅಂಗಡೀಲೇ ಇರ್ತೀಯ ತಾನೆ?" ಎಂದು ನಂಜಪ್ಪ ಎತ್ತಲೋ ನೋಡುತ್ತ ಕೇಳುತ್ತಾರೆ.

"ನೀವು ಇರು ಅಂದ್ರ ಇರ್ತೀನ್ರಿ."

"ಇರಮ್ಮಿ" ಎನ್ನುತ್ತಾರೆ ಮುದುಕರು.

ಎಲೆಯ ಕಟ್ಟನ್ನು ಎತ್ತಿ ಹಿಡಿದ ನಾನು, ಹಳೆಯ ಮೊಳೆ ಇಷ್ಟು ಭಾರ ತಡೆಯುತ್ತದೆಯೇ, ಬೇರೆ ಹೊಡೆಯಬೇಕೇ ಎಂದು ಕೇಳುತ್ತೇನೆ. ಮಹಾನಂದಾ ಮೊಳೆಗೆ ಬೆರಳು ಸಿಕ್ಕಿಸಿ ಒಮ್ಮೆ ಜಗ್ಗಿ ನೋಡುತ್ತಾರೆ.

"ಬ್ಯಾಡ್ರಿ. ಅವತ್ತು ತೂಗಹಾಕಿದ್ದು ತಪ್ಪಾಗಿತ್ತು, ಒಪ್ಕೊಂಡೀನಿ. ಆದ್ರ ನಲವತ್ತಮೂರು ಗ್ವಾಡೀನೂ ತಿರುಗಿ ಹೋಗಿ ನೋಡ್ದೆ, ನಾ ಹೊಡದ ಮೊಳಿ ಒಂದೂ ಅಲುಗಿಲ್ಲ."